ಕ್ಲಚ್ ಕೇಬಲಿಗೆ ನಾಲ್ಕು ಸುತ್ತು

ನಮ್ಮ ಮನೆಯಲ್ಲಿ 2007ರ ಮಾರುತಿ 800 ಇದೆ. ಬಿಳಿ ಬಣ್ಣದ್ದು, ಈಗ ಕೆನೆ ಬಣ್ಣ ಅನ್ನಬಹುದು. ಹಾಸ್ಟೆಲಲ್ಲಿ ಹೇಳಿದ್ರೆ ನಗ್ತಾರೆ. ಆದ್ರೆ 1983ರಲ್ಲಿ ಶುರುವಾಗಿ 2014ರಲ್ಲಿ ನಿಂತುಹೋದ ಈ ಕಾರು ನಿಮ್ಮಲ್ಲಿ ಎಷ್ಟೋ ಜನರ ಮನೆಯ ಮೊದಲ ಕಾರೂ ಆಗಿರುತ್ತೆ, ಸುಮ್ಮನೆ ಒಪ್ಕೊಳ್ಳಿ. ಅಪ್ಪ ದೊಡ್ಡಬಳ್ಳಾಪುರದಲ್ಲಿ ನಾಲ್ಕು ಪವರ್‌ಲೂಮ್ ನಡೆಸ್ತಾರೆ. ಸೀರೆ ಗಂಟನ್ನ ಹಿಂದಿನ ಸೀಟಿಗೆ ಹಾಕ್ಕೊಂಡು ಚಿಕ್ಕಪೇಟೆಗೆ ಹೋಗಿಬರೋದು ಇದರಲ್ಲೇ. ನಾನು ಡ್ರೈವಿಂಗ್ ಕಲಿತದ್ದೂ ಇದರಲ್ಲೇ.

ಹತ್ತನೇ ಕ್ಲಾಸಿನ ಸೆಕೆಂಡ್ ಲ್ಯಾಂಗ್ವೇಜ್ ಪೇಪರ್ ಆದಮೇಲೆ ನಾನು ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ವಿಷಯ ಆ ಕಾರಿನ ಕ್ಲಚ್ಚು, ಮತ್ತು ಅದಕ್ಕೆ ನಾನು ಮಾಡಿದ ಒಂದು ಕೆಲಸ.

ಸೆಮಿಸ್ಟರ್ ರಜೆಯಲ್ಲಿ ಊರಿಗೆ ಹೋದಾಗ ಕಾರು ರಿವರ್ಸ್ ಗೇರಿಗೆ ಹಾಕಿದರೆ ಕರ್ರ್ ಅಂತ ಸದ್ದು ಮಾಡ್ತಿತ್ತು. ಸಿಗ್ನಲ್ಲಲ್ಲಿ ಫಸ್ಟ್ ಗೇರ್ ಬೀಳ್ತಾನೇ ಇರಲಿಲ್ಲ. ವಿಡಿಯೋ ನೋಡಿದೆ. ಪೆಡಲ್ ಪೂರ್ತಿ ಒತ್ತಿದ್ರೂ ಎಂಜಿನ್ನು ಗೇರ್‌ಬಾಕ್ಸಿನಿಂದ ಪೂರ್ತಿ ಬಿಡಿಸಿಕೊಳ್ತಿಲ್ಲ ಅಂತ ಅರ್ಥ. 800ರಲ್ಲಿ ಪೆಡಲಿಗೂ ಕ್ಲಚ್ಚಿಗೂ ನಡುವೆ ಇರೋದು ಒಂದು ಕೇಬಲ್ ಅಷ್ಟೇ. ಅದು ಹಳೆಯದಾಗಿ ಎಳೆದುಕೊಂಡರೆ ಪೆಡಲಿನ ಅರ್ಧ ದೂರ ಸುಮ್ಮನೆ ವೇಸ್ಟ್ ಆಗುತ್ತೆ. ಗೇರ್‌ಬಾಕ್ಸ್ ಹತ್ತಿರ ಕೇಬಲಿನ ತುದಿಯಲ್ಲಿ ಒಂದು ನಟ್ ಇದೆ, ಅದನ್ನ ಬಿಗಿ ಮಾಡಿದರಾಯ್ತು. ಮಗ್ಗದ ಟೂಲ್ ಡಬ್ಬದಿಂದ ಸ್ಪ್ಯಾನರ್ ತಗೊಂಡೆ, ಬಿಗಿ ಮಾಡಿದೆ. ರಿವರ್ಸ್ ಸದ್ದಿಲ್ಲದೆ ಬಿತ್ತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಮತ್ತೆ ಮತ್ತೆ ಬಾನೆಟ್ ಎತ್ತೋದು ಯಾಕೆ ಅಂತ ಇನ್ನೂ ನಾಲ್ಕು ಸುತ್ತು ತಿರುಗಿಸಿದೆ. ಅಪ್ಪನಿಗೆ ಹೇಳಲಿಲ್ಲ. ಹೇಳಿದ್ರೆ "ನಿನಗ್ಯಾಕೆ ಬೇಕಿತ್ತು" ಅಂತಾರೆ. ವಾರದ ನಂತರ ಫೋನಲ್ಲಿ "ಸ್ಪ್ಯಾನರ್ ಕಾಣ್ತಿಲ್ಲ, ನೋಡಿದ್ಯಾ?" ಅಂದಾಗಲೂ ಗೊತ್ತಿಲ್ಲ ಅಂದೆ.

ಮೂರು ವಾರ ಆದಮೇಲೆ ಅಜ್ಜಿ, ಅಮ್ಮನ್ನ ಕೂರಿಸಿಕೊಂಡು ಘಾಟಿ ಸುಬ್ರಹ್ಮಣ್ಯಕ್ಕೆ ಹೊರಟೆವು. ಅಪ್ಪ ಓಡಿಸ್ತಿದ್ರು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಎಂಜಿನ್ ಕಿರುಚುತ್ತೆ, ಕಾರು ಮಾತ್ರ ನಿಧಾನ ಆಗ್ತಾ ಹೋಗುತ್ತೆ. ಜೊತೆಗೊಂದು ಸುಟ್ಟ ವಾಸನೆ. ಅಜ್ಜಿ ಸೆರಗು ಮೂಗಿಗೆ ಹಿಡ್ಕೊಂಡ್ರು. ಕಾರಿನ ಬಾನೆಟ್ ಒಳಗೆ ಕೈಯಿಡದ ಅಪ್ಪ ಎರಡೇ ನಿಮಿಷದಲ್ಲಿ ಹೇಳಿದ್ರು: "ಬೆಲ್ಟ್ ಜಾರ್ತಾ ಇದೆ ಕಣೋ."

ಮಗ್ಗದಲ್ಲಿ ಬೆಲ್ಟ್ ಜಾರಿದರೆ ಹೀಗೇ. ಮೋಟರಿನ ಸದ್ದು ಜೋರಾಗೇ ಇರುತ್ತೆ, ಮಗ್ಗದ ಏಟು ನಿಧಾನ ಆಗುತ್ತೆ. ಹಿಂದೆ ಅದಕ್ಕೆ ರಾಳದ ಪುಡಿ ಹಾಕ್ತಿದ್ರಂತೆ. "ಇದಕ್ಕೂ ರಾಳ ಹಾಕಕ್ಕಾಗುತ್ತಾ?" ಅಂತ ಕೇಳಿದ್ರು, ತಮಾಷೆಗಲ್ಲ. ನನಗೆ ಆಗಲೇ ಆ ನಾಲ್ಕು ಸುತ್ತು ನೆನಪಾಗಿತ್ತು. ಬಾಯಿಬಿಡಲಿಲ್ಲ.

ರಾತ್ರಿ ಊಟದ ಹೊತ್ತಲ್ಲಿ ಅಪ್ಪ ಅಮ್ಮನಿಗೆ, "ಕೊಟ್ಟುಬಿಡೋಣ, ಗುಜರಿಯವನು ಆವತ್ತೇ ಕೇಳ್ದ. ತಪ್ಪು ನಂದೇ. ಹೆಬ್ಬಾಳದ ಟ್ರಾಫಿಕ್ಕಲ್ಲಿ ಮಂಡಿ ನೋವು ಅಂತ ಕ್ಲಚ್ ಮೇಲೇ ಕಾಲಿಟ್ಟುಕೊಂಡು ಹಾಳು ಮಾಡಿದೆ" ಅಂದ್ರು. ಅನ್ನ ಇಳಿಯಲಿಲ್ಲ ನನಗೆ.

ಮಾರನೇ ದಿನ ಗ್ಯಾರೇಜಿಗೆ ಹೋದೆವು. ಗೇರ್‌ಬಾಕ್ಸ್ ಇಳಿಸ್ತಾರೆ ಅಂದುಕೊಂಡಿದ್ದೆ, ಮೆಕ್ಯಾನಿಕ್ ಅಣ್ಣ ಬರೀ ಪ್ರಶ್ನೆ ಕೇಳೋಕೆ ಶುರುಮಾಡಿದ್ರು. ಜಾರೋದು ಏರಿನಲ್ಲಾ, ಸಮ ರಸ್ತೆಯಲ್ಲೂನಾ? ಪೆಡಲ್ ಒತ್ತಿದಾಗ ಸದ್ದು ಬರುತ್ತಾ, ಬಿಟ್ಟಾಗ ಬರುತ್ತಾ? ಒತ್ತಿದಾಗ ಬಂದರೆ ರಿಲೀಸ್ ಬೇರಿಂಗ್. ಬಿಟ್ಟಾಗ ಬಂದು, ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಶಾಫ್ಟ್ ಬೇರಿಂಗ್. ಹೊರಡುವಾಗ ಕಾರು ನಡುಗುತ್ತಾ? ನಡುಗಿದರೆ ಪ್ಲೇಟಿಗೆ ಆಯಿಲ್ ತಾಗಿರಬಹುದು, ಇಲ್ಲ ಎಂಜಿನ್ ಮೌಂಟಿಂಗ್ ಸಡಿಲ ಇರಬಹುದು. ನಮ್ಮದಕ್ಕೆ ಸದ್ದೂ ಇಲ್ಲ, ನಡುಕವೂ ಇಲ್ಲ. ಕೆಳಗೆ ಟಾರ್ಚ್ ಬಿಟ್ಟು ನೋಡಿದ್ರು, ಎಂಜಿನ್ನೂ ಗೇರ್‌ಬಾಕ್ಸೂ ಸೇರೋ ಜಾಗ ಒಣಗಿತ್ತು. ಅಂದ್ರೆ ಆಯಿಲ್ ಸೀಲ್ ಅಲ್ಲ.

ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಫೋರ್ತ್ ಗೇರಿಗೆ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಟ್ರು. ಚೆನ್ನಾಗಿರೋ ಕ್ಲಚ್ಚಾದರೆ ಎಂಜಿನ್ ತಕ್ಷಣ ಆಫ್ ಆಗಬೇಕು. ನಮ್ಮದು ಆರಾಮಾಗಿ ಓಡ್ತಾನೇ ಇತ್ತು. "ಇದನ್ನ ಒಂದೇ ಸಲ ಮಾಡ್ಬೇಕು ತಮ್ಮಾ, ಜಾಸ್ತಿ ಮಾಡಿದ್ರೆ ಇರೋ ಪ್ಲೇಟೂ ಸುಡುತ್ತೆ" ಅಂದ್ರು. ಕೊನೆಗೆ ಬಗ್ಗಿ, ಪೆಡಲನ್ನ ಕೈಯಲ್ಲಿ ಮೆಲ್ಲಗೆ ಒತ್ತಿದ್ರು. ಎರಡು ಬೆರಳಿನಷ್ಟು ಸಡಿಲ ಇರಬೇಕಿತ್ತಂತೆ. ಒಂದು ನೂಲೆಳೆಯಷ್ಟೂ ಇರಲಿಲ್ಲ. ಬಾನೆಟ್ ಎತ್ತಿದ್ರು. ಎಲ್ಲಾ ಕಡೆ ಧೂಳು, ಕೇಬಲಿನ ನಟ್ ಪಕ್ಕದ ಮರೆ ಮಾತ್ರ ಹೊಳೀತಿತ್ತು.

"ಕೇಬಲ್ ಯಾರು ಮುಟ್ಟಿದ್ದು?"

ಅಪ್ಪ "ಯಾರೂ ಇಲ್ಲಪ್ಪ" ಅಂದ್ರು. ನಾನು "ನಾನೇ" ಅಂದೆ.

ಸೀನಿಯರ್ ಕೊಟ್ಟ ನೋಟ್ಸಲ್ಲಿ ಫ್ರಿಕ್ಷನ್ ಕ್ಲಚ್ಚಿನ ಫಾರ್ಮುಲಾ ಇದೆ. ಕ್ಲಚ್ ಎಷ್ಟು ಟಾರ್ಕ್ ದಾಟಿಸುತ್ತೆ ಅನ್ನೋದು ಘರ್ಷಣೆಯ ಗುಣಾಂಕ, ತ್ರಿಜ್ಯ, ಮತ್ತು ಸ್ಪ್ರಿಂಗ್ ಪ್ಲೇಟನ್ನ ಒತ್ತಿ ಹಿಡಿಯೋ ಬಲ, ಇವುಗಳ ಗುಣಲಬ್ಧ. ಕೇಬಲ್ ಅಷ್ಟು ಬಿಗಿಯಾದರೆ ರಿಲೀಸ್ ಬೇರಿಂಗ್ ಸ್ಪ್ರಿಂಗನ್ನ ಸದಾ ಒಂದಿಷ್ಟು ಒತ್ತುತ್ತಾನೇ ಇರುತ್ತೆ, ಆ ಬಲ ಕಡಿಮೆಯಾಗುತ್ತೆ. ಯಾರೂ ಕಾಲಿಡದಿದ್ರೂ ಇಪ್ಪತ್ನಾಲ್ಕು ಗಂಟೆ ಪೆಡಲ್ ಮೇಲೆ ಒಂದು ಕಾಲು ಇದ್ದ ಹಾಗೆ. ಆ ಕಾಲು ನನ್ನದು. ನೋಟ್ಸಲ್ಲಿ ಇಲ್ಲದ ಇನ್ನೊಂದನ್ನ ಅಣ್ಣ ಹೇಳಿದ್ರು: ಪ್ಲೇಟ್ ಸವೆದಷ್ಟೂ ಪೆಡಲಿನ ಸಡಿಲ ತಾನಾಗೇ ಕಡಿಮೆಯಾಗುತ್ತೆ. ಕೇಬಲ್ ಉದ್ದವಾದರೆ ಜಾಸ್ತಿಯಾಗುತ್ತೆ. ನಮ್ಮ ಕಾರಲ್ಲಿ ಎರಡೂ ಒಟ್ಟಿಗೇ ಆಗಿದ್ವು, ನನಗೆ ಒಂದೇ ಕಂಡಿತ್ತು.

ನಟ್ ಸಡಿಲ ಮಾಡಿ ಊರ ಹೊರಗಿನ ಏರಿಗೆ ತಗೊಂಡು ಹೋದೆವು. ಮುಕ್ಕಾಲು ಭಾಗ ಸರಿಯಾಗಿತ್ತು. ಲೋಡ್ ಬಿದ್ದಾಗ ಫೋರ್ತಲ್ಲಿ ಇನ್ನೂ ಜಾರ್ತಿತ್ತು. ಕೊನೆಗೂ ಗೇರ್‌ಬಾಕ್ಸ್ ಇಳಿಸಲೇಬೇಕಾಯ್ತು. ಪ್ಲೇಟ್ ರಿವೆಟ್ ಹತ್ತಿರದವರೆಗೂ ಸವೆದಿತ್ತು. ಪ್ರೆಶರ್ ಪ್ಲೇಟಿನ ಮೇಲೆ ಅಲ್ಲಲ್ಲಿ ನೀಲಿ ಕಲೆ.

ಅಣ್ಣ ಅಪ್ಪನಿಗೆ ತೋರಿಸಿ ಹೇಳಿದ್ರು: "ಸವೆದಿರೋದು ಹಳೇದು ಸ್ವಾಮಿ. ಇನ್ನೊಂದು ವರ್ಷ ಬರ್ತಿತ್ತೋ ಏನೋ. ಈ ನೀಲಿ ಮಾತ್ರ ಹೊಸದು, ಬಿಸಿಗೆ ಆಗಿರೋದು."

ಅಂದ್ರೆ ಸವೆತದ ಪಾಲು ಅಪ್ಪನ ಮಂಡಿಯದು, ನೀಲಿಯ ಪಾಲು ನನ್ನದು. ಇನ್ನೊಂದು ವರ್ಷ ಬರ್ತಿತ್ತಾ ಇಲ್ವಾ ಅಂತ ಆವತ್ತಿಂದ ಯೋಚಿಸ್ತಾನೇ ಇದೀನಿ, ಲೆಕ್ಕ ಹತ್ತಿಲ್ಲ.

ಕ್ಲಚ್ ಸೆಟ್ಟು, ಹೊಸ ಕೇಬಲ್, ಕೂಲಿ ಎಲ್ಲಾ ಸೇರಿ ಆರು ಸಾವಿರದೊಳಗೆ ಮುಗೀತು. ಗುಜರಿ ಮಾತು ಮತ್ತೆ ಬರಲಿಲ್ಲ. ಅಪ್ಪ ಬೈತಾರೆ ಅಂತ ಕಾದೆ. ಕೀ ನನ್ನ ಕೈಗೆ ಕೊಟ್ಟು ಪಕ್ಕದ ಸೀಟಲ್ಲಿ ಕೂತ್ರು. ಮನೆ ತಿರುವಿನ ತನಕ ಮಾತಿಲ್ಲ, ನನ್ನ ಎಡಗಾಲನ್ನೇ ನೋಡ್ತಿದ್ರು. ಆಮೇಲೆ, "ಹಂಗಾದ್ರೆ ಆ ಸ್ಪ್ಯಾನರ್ ಎಲ್ಲಿ?"

ಹಾಸ್ಟೆಲಲ್ಲಿತ್ತು, ಬ್ಯಾಗಿನ ಸೈಡ್ ಜಿಪ್ಪಲ್ಲಿ. ಮುಂದಿನ ಸಲ ಹೋದಾಗ ಡಬ್ಬಕ್ಕೆ ವಾಪಸ್ ಹಾಕಿದೆ. ಈಗ ಊರಿಗೆ ಹೋದಾಗಲೆಲ್ಲ ಪೆಡಲನ್ನ ಕೈಯಲ್ಲಿ ಒತ್ತಿ ನೋಡ್ತೀನಿ. ಹೋದ ವಾರ ಸರಿಯಾಗಿ ಎರಡು ಬೆರಳು ಇತ್ತು.