ದತ್ತು ಫ್ರೀ, ನಾಯಿ ಫ್ರೀ ಅಲ್ಲ

ಕಾಲೇಜಿನ ವಾಟ್ಸಾಪ್ ಗ್ರೂಪುಗಳಲ್ಲಿ ವಾರಕ್ಕೊಂದು ಫೋಟೋ ಬಂದೇ ಬರುತ್ತೆ. ಎರಡು ತಿಂಗಳ ಮರಿ, ಮುಖಕ್ಕಿಂತ ದೊಡ್ಡ ಕಿವಿ, ಕೆಳಗೆ ‘ಉಚಿತವಾಗಿ ದತ್ತು ಕೊಡಲಾಗುವುದು’ ಅಂತ ಒಂದು ಸಾಲು. ನಾವೆಲ್ಲ ಒಂದೊಂದು ಹಾರ್ಟ್ ಒತ್ತಿ ಲ್ಯಾಬಿಗೆ ಓಡ್ತೀವಿ. ಆ ‘ಉಚಿತ’ ಅನ್ನೋ ಪದದ ಲೆಕ್ಕ ಹಾಕೋಕೆ ಯಾರಿಗೂ ಪುರುಸೊತ್ತಿಲ್ಲ.

ಫೈನಲ್ ಇಯರ್‌ನಲ್ಲಿ ಬಾಡಿಗೆ ಮನೆ ಹಿಡಿದಿರುವ ನಾವು ನಾಲ್ವರು ಆ ಲೆಕ್ಕ ಹಾಕಿದೆವು. ಬೆಂಗಳೂರಿನಲ್ಲಿ ಬೀದಿನಾಯಿ ಮರಿಗಳಿಗೆ ಮನೆ ಹುಡುಕುವ ಸಂಸ್ಥೆಗಳು ಹಲವಿವೆ. ಕ್ಯೂಪಾದಂಥವು 1991ರಿಂದಲೂ ಪ್ರಾಣಿಗಳಿಗಾಗಿ ದುಡಿಯುತ್ತಿವೆ. ನಾವು ಹೋಗಿದ್ದು ಒಂದು ಪುಟ್ಟ ಶೆಲ್ಟರಿಗೆ. ಅಲ್ಲಿ ಕೇಳಿದ್ದು 500 ರೂಪಾಯಿ. “ಅಷ್ಟೇನಾ ಅಕ್ಕಾ?” ಅಂದಿದ್ದಕ್ಕೆ ಅಲ್ಲಿನವರು ನಕ್ಕು, “ಇದು ಮರಿ ಬೆಲೆ ಅಲ್ಲಪ್ಪ. ಇಷ್ಟು ದಿನ ಹಾಕಿರೋ ಊಟ, ಲಸಿಕೆದ್ದು ಒಂದು ಚೂರು. ನಿಮ್ ಖರ್ಚು ಇನ್ಮೇಲೆ ಶುರು” ಅಂದರು.

ಮನೆಗೆ ಬಂದು ಎಕ್ಸೆಲ್ ತೆರೆದೆವು. ಹತ್ತಿರದ ಕ್ಲಿನಿಕ್ಕಿನಲ್ಲಿ ವಿಚಾರಿಸಿದಂತೆ ಬಾಕಿ ಲಸಿಕೆಗಳಿಗೆ, ರೇಬೀಸ್‌ದೂ ಸೇರಿ, 2,400. ಜಂತುಹುಳು, ಉಣ್ಣೆ ಔಷಧಿಗೆ ವರ್ಷಕ್ಕೆ 1,500. ಸಂತಾನಹರಣ ಆಪರೇಷನ್‌ಗೆ 7,000. ಬೆಲ್ಟು, ಚೈನು, ತಟ್ಟೆ, ಹಾಸಿಗೆಗೆ 1,500. ಅನ್ನ, ಮೊಟ್ಟೆ, ಚಿಕನ್ ಅಂತ ತಿಂಗಳಿಗೆ 2,500, ಅಂದರೆ ವರ್ಷಕ್ಕೆ 30,000. ಸೆಮಿಸ್ಟರ್ ರಜೆಯಲ್ಲಿ ನಾಲ್ವರೂ ಊರಿಗೆ ಹೋದರೆ ಬೋರ್ಡಿಂಗ್‌ಗೆ ದಿನಕ್ಕೆ 500ರಂತೆ 20 ದಿನಕ್ಕೆ 10,000. ಶೆಲ್ಟರಿನ 500 ಸೇರಿಸಿದರೆ ಮೊದಲ ವರ್ಷಕ್ಕೆ 52,900! ಮರಿಗೆ ಪಾರ್ವೊ ಬಂದು ಡ್ರಿಪ್ ಹಾಕಿಸಬೇಕಾದರೆ ಆ ಬಿಲ್ಲು ಬೇರೆ.

ನಾಲ್ಕರಿಂದ ಭಾಗಿಸಿದರೆ ತಲೆಗೆ ತಿಂಗಳಿಗೆ ಸುಮಾರು 1,100. ನಮ್ಮ ಬಿರಿಯಾನಿ ಖರ್ಚು ಅದಕ್ಕಿಂತ ಜಾಸ್ತಿ ಇದೆ ಗುರೂ! ದುಡ್ಡು ಹೊಂದಿಸಬಹುದು ಅಂತಾಯ್ತು.

ಸಿಕ್ಕಿಹಾಕಿಕೊಂಡಿದ್ದು ಶೆಲ್ಟರಿನ ಫಾರ್ಮಿನಲ್ಲಿ. ಅದರಲ್ಲಿ ದತ್ತು ತಗೊಳ್ಳುವವರ ಹೆಸರಿಗೆ ಇದ್ದಿದ್ದು ಒಂದೇ ಗೆರೆ. ನಾಯಿ 12-15 ವರ್ಷ ಬದುಕುತ್ತೆ. ನಮಗೆ ಈ ಊರಲ್ಲಿ ಉಳಿದಿದ್ದು ಏಳು ತಿಂಗಳು. ಒಬ್ಬನಿಗೆ ಪುಣೆಯಲ್ಲಿ ಕೆಲಸ, ಇನ್ನೊಬ್ಬ ಎಂ.ಎಸ್. ಅಂತಿದ್ದಾನೆ, ಉಳಿದಿಬ್ಬರದ್ದು ಇನ್ನೂ ಪ್ಲೇಸ್‌ಮೆಂಟೇ ಆಗಿಲ್ಲ. ಊರಿಗೆ ಫೋನ್ ಮಾಡಿದರೆ ಅಮ್ಮ, “ನಾಯಿ ನಿಮ್ದು, ಸೇವೆ ನಂದಾ?” ಅಂದರು. ಪೆನ್ನು ನಾಲ್ವರ ಕೈಯಲ್ಲೂ ಸುತ್ತಿತು. ಯಾರೂ ಬರೆಯಲಿಲ್ಲ.

ಆಗ ಆ ಅಕ್ಕನೇ ‘ಫಾಸ್ಟರ್’ ದಾರಿ ತೋರಿಸಿದರು. ಕಾಯಂ ಮನೆ ಸಿಗೋವರೆಗೆ ಮರಿಯನ್ನು ನಾವು ಸಾಕಬೇಕು. ಔಷಧಿ ಶೆಲ್ಟರಿನದ್ದು, ಊಟ ನಮ್ಮದು. ಓನರ್ ಆಂಟಿ “ಎರಡು ತಿಂಗಳು ಅಂದ್ರೆ ಎರಡೇ ತಿಂಗಳು” ಅಂತ ಒಪ್ಪಿದರು. ಕಂದು ಬಣ್ಣದ ಹೆಣ್ಣುಮರಿ ಬಂತು, ರಾಗಿ ಅಂತ ಹೆಸರಿಟ್ಟೆವು. ಏಳು ವಾರದಲ್ಲಿ ಎರಡು ಚಾರ್ಜರ್, ಒಂದು ಲ್ಯಾಬ್ ರೆಕಾರ್ಡ್ ಹೋಯ್ತು. ಬೆಳಗಿನ ಐದೂವರೆಗೆ ಏಳೋದು, ನೆಲ ಒರೆಸೋದು, ಇಂಟರ್ನಲ್ಸ್ ಇದ್ದರೂ ಪಾಳಿ ತಪ್ಪಿಸದೆ ಮನೆಗೆ ಬರೋದು: ಎಕ್ಸೆಲ್‌ನಲ್ಲಿ ಇದಕ್ಕೆ ಕಾಲಮ್ಮೇ ಇರಲಿಲ್ಲ.

ಎಂಟನೇ ವಾರ ನಿವೃತ್ತ ಮೇಷ್ಟ್ರ ಕುಟುಂಬವೊಂದು ರಾಗಿಯನ್ನು ಕರೆದುಕೊಂಡು ಹೋಯಿತು. ಆಟೋದಲ್ಲಿ ಕೂತವಳು ನಮ್ಮ ಕಡೆಗೇ ನೋಡ್ತಿದ್ದಳು. ಆ ರಾತ್ರಿ ಮನೇಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಈಗ ಆಗಾಗ ಫೋಟೋ ಬರುತ್ತೆ, ದಪ್ಪ ಆಗಿದ್ದಾಳೆ.

ಗೆಳೆಯರೇ, ‘777 ಚಾರ್ಲಿ’ ನೋಡಿ ಅತ್ತವರು ನಮ್ಮಲ್ಲಿ ಬಹಳ ಜನ. ನಾಯಿ ಬೇಕು ಅನ್ನಿಸಿದರೆ ಖಂಡಿತ ಶೆಲ್ಟರಿಗೇ ಹೋಗಿ. ಹೋಗೋಕೆ ಮುಂಚೆ ಮೂರು ವಿಷಯ ಇತ್ಯರ್ಥ ಮಾಡಿಕೊಳ್ಳಿ: ತಿಂಗಳ ಖರ್ಚು ಯಾರದ್ದು, ರಜೆಯಲ್ಲಿ ನೋಡಿಕೊಳ್ಳೋರು ಯಾರು, ಕೋರ್ಸ್ ಮುಗಿದ ಮೇಲೆ ಅದು ಯಾರ ಜೊತೆ ಹೋಗುತ್ತೆ. ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಫಾಸ್ಟರ್ ಮಾಡಿ. ನಮ್ಮ ಮನೆಗೆ ಮುಂದಿನ ವಾರ ಇನ್ನೊಂದು ಮರಿ ಬರ್ತಿದೆ. ಆಂಟಿನ ಒಪ್ಪಿಸೋ ಕೆಲಸ ಮಾತ್ರ ಬಾಕಿ.