ಇವತ್ತೆಷ್ಟು ಎಂ.ಎಲ್.?

ಲಿವರಿನಲ್ಲಿ ಕೀವು ತುಂಬಿತ್ತು ಅಂದ ಕೂಡಲೇ ಜನ ನನ್ನನ್ನು ಒಂಥರಾ ನೋಡ್ತಾರೆ. "ಎಷ್ಟು ವರ್ಷದಿಂದ ಕುಡೀತಿದ್ರಿ?" ಅಂತ ನೇರವಾಗಿ ಕೇಳಿದವರೂ ಇದ್ದಾರೆ. ಸ್ವಾಮೀ, ಕುಡಿಯದವರಿಗೂ ಇದು ಬರುತ್ತೆ! ಹೈಸ್ಕೂಲಿನಲ್ಲಿ ಚಿತ್ರ ಬರೆದು ಭಾಗ ಗುರುತಿಸುತ್ತಿದ್ದೆವಲ್ಲ ಅಮೀಬಾ, ಅದರ ದಾಯಾದಿಯೊಬ್ಬನ ಕೆಲಸ. ನೀರಿನಲ್ಲೋ ಊಟದಲ್ಲೋ ಕರುಳಿಗಿಳಿದು, ಅಲ್ಲಿಂದ ರಕ್ತದ ಜತೆ ಲಿವರಿಗೆ ಹೋಗಿ ಮನೆ ಮಾಡ್ತಾನೆ. ಭೇದಿ ಆಗಲೇಬೇಕು ಅಂತಿಲ್ಲ. ನನಗಂತೂ ಆಗಿರಲಿಲ್ಲ. ಚಳಿಜ್ವರ, ಜತೆಗೆ ಬಲಭುಜದ ನೋವು, ಅಷ್ಟೇ. ಅಮ್ಮ ಎರಡು ದಿನ ಭುಜಕ್ಕೆ ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು... ಲಿವರಿನ ಮೇಲಿರುವ ವಪೆಗೆ ನರ ಬರುವುದು ಕುತ್ತಿಗೆಯಿಂದ, ಹಾಗಾಗಿ ಅಲ್ಲಿಯ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತೆ ಅಂತ ಡಾಕ್ಟರು ಆಮೇಲೆ ಹೇಳಿದರು.

ಬಹಳಷ್ಟು ಜನಕ್ಕೆ ಮಾತ್ರೆಯಲ್ಲೇ ಗುಣವಾಗುತ್ತಂತೆ. ನನ್ನದು 11 ಸೆಂ.ಮೀ. ಇತ್ತು, ಒಡೆದೀತೆಂಬ ಭಯ. ಸ್ಕ್ಯಾನಿಂಗ್ ನೋಡಿಕೊಂಡೇ ಪಕ್ಕೆಲುಬುಗಳ ನಡುವೆ ಮರಗಟ್ಟಿಸಿ ಒಂದು ಸಣ್ಣ ಟ್ಯೂಬ್ ಇಳಿಸಿದರು. ತುದಿ ಹಂದಿಬಾಲದಂತೆ ಸುರುಳಿ ಸುತ್ತಿರೋದರಿಂದ ಅದಕ್ಕೆ ಪಿಗ್‌ಟೇಲ್ ಅಂತಲೇ ಹೆಸರು. ಬಂದದ್ದು ಹಳದಿ ಕೀವಲ್ಲ, ರಾಗಿ ಅಂಬಲಿಯಂಥಾ ಕಂದು ದ್ರವ. (ಅಂಬಲಿ ಪ್ರಿಯರು ಕ್ಷಮಿಸಿ.)

ಮುಂದಿನ ದಿನಗಳೆಲ್ಲಾ ಆ ಚೀಲದ ಲೆಕ್ಕದಲ್ಲೇ ಕಳೆದವು. ಮಗ್ಗುಲಾಗುವಾಗ ಚೀಲ, ಬಚ್ಚಲಿಗೆ ಹೋಗುವಾಗ ಚೀಲ. ಬೆಳಿಗ್ಗೆ ಅಮ್ಮ ಬಂದವಳೇ "ಇವತ್ತೆಷ್ಟು ಎಂ.ಎಲ್.?" ಅನ್ನೋಳು. 180, 120, 70... ಒಂದು ದಿನ ಮತ್ತೆ 90 ಆದಾಗ ಅವಳು ಊಟ ಬಿಟ್ಟಳು. 10ಕ್ಕಿಂತ ಕೆಳಗಿಳಿದ ಮೇಲೆ ಟ್ಯೂಬ್ ತೆಗೆದರು. ಇಷ್ಟರ ಮಧ್ಯೆ ಮೆಟ್ರೊನಿಡಜೋಲ್ ಕೃಪೆಯಿಂದ ಬಾಯೆಲ್ಲಾ ಲೋಹದ ರುಚಿ. ಫಿಲ್ಟರ್ ಕಾಫಿ ಕುಡಿದರೂ ಕಬ್ಬಿಣದ ಮೊಳೆ ನೆಕ್ಕಿದ ಹಾಗೆ!

ನಿಜವಾದ ಜಗಳ ನಡೆದದ್ದು ಮನೆಗೆ ಬಂದ ಮೇಲೆ. ಜ್ವರವಿಲ್ಲ, ನೋವಿಲ್ಲ, ಆದರೂ ಡೈಲೊಕ್ಸನೈಡ್ ಅಂತ ಇನ್ನೊಂದು ಮಾತ್ರೆ, ದಿನಕ್ಕೆ ಮೂರರಂತೆ 10 ದಿನ. "ಉಷ್ಣ ಆಗುತ್ತೆ, ಸಾಕು ಬಿಡೋ" ಅಂತ ಅಮ್ಮ. ಮೊದಲನೇ ಮಾತ್ರೆ ಲಿವರಿನಲ್ಲಿರೋ ಅಮೀಬಾವನ್ನು ಕೊಲ್ಲುತ್ತೆ, ಕರುಳಿನಲ್ಲಿ ಅವಿತು ಕೂತವನು ಅದಕ್ಕೆ ಪೂರ್ತಿ ಸಾಯೋದಿಲ್ಲ, ಇದನ್ನು ಬಿಟ್ಟರೆ ಮತ್ತೆ ಬಂದಾನು ಅಂತ ಎಷ್ಟು ಹೇಳಿದರೂ ಅವಳಿಗೆ ಸಮಾಧಾನವಿಲ್ಲ. ಕೊನೆಗೆ "ಕಳೆ ಕಿತ್ತರೆ ಸಾಕೇನಮ್ಮಾ, ಬೇರು ಬೇಡ್ವಾ?" ಅಂದೆ. ಗದ್ದೆ ಕೆಲಸ ಕಂಡವಳಲ್ವೇ, ಸುಮ್ಮನಾದಳು. ಮೂವತ್ತೂ ಮಾತ್ರೆ ಮುಗಿಸಿದೆ.

ಆರು ವಾರಕ್ಕೆ ಮತ್ತೆ ಸ್ಕ್ಯಾನ್ ಮಾಡಿಸಿದರೆ ಗುಳಿ ಅಲ್ಲೇ ಇದೆ! ಎದೆ ಧಸಕ್ಕೆಂದಿತು. ಡಾಕ್ಟರು ಮಾತ್ರ ನಗುತ್ತಾ, ಹಸಿವು ಹೇಗಿದೆ, ಜ್ವರ ಬಂತಾ ಅಂತ ಕೇಳಿ ಕಳಿಸಿಬಿಟ್ಟರು. ರೋಗ ಹೋದರೂ ಗುಳಿ ತುಂಬೋಕೆ ತಿಂಗಳುಗಟ್ಟಲೆ ಬೇಕಂತೆ. ನನ್ನದೀಗ 4 ಸೆಂ.ಮೀ. ಇಳಿದ ಎಂಟು ಕೆ.ಜಿ.ಯಲ್ಲಿ ಐದು ವಾಪಸ್ ಬಂದಿದೆ, ಕಾಫಿ ಮತ್ತೆ ಕಾಫಿಯಾಗಿದೆ. ಮನೆಯಲ್ಲಿ ನೀರು ಕುದಿಸೋ ಪಾತ್ರೆಯಂತೂ ಒಲೆಯಿಂದ ಇಳಿಯೋದೇ ಇಲ್ಲ.