ಲಾರಿಯೊಳಗಿನ ಸಾಕ್ಷಿ

2023ರ ಬೇಸಗೆಯಲ್ಲಿ ಮೂರು ತಿಂಗಳು ನಾನು ಇಂಗ್ಲೆಂಡಿನಲ್ಲಿರುವ ಮಗಳ ಮನೆಯಲ್ಲಿದ್ದೆ. ಮಗಳೂ ಅಳಿಯನೂ ಬೆಳಗಾಗುತ್ತಲೇ ಕೆಲಸಕ್ಕೆ ಹೊರಡುತ್ತಿದ್ದರು. ಕಸದ ಡಬ್ಬಿಯನ್ನು ರಸ್ತೆಯಂಚಿಗೆ ತಳ್ಳಿ ನಿಲ್ಲಿಸುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡೆ. ಅವರ ಮನೆಯಲ್ಲಿ ಗಾಲಿಗಳಿರುವ ಎರಡು ದೊಡ್ಡ ಡಬ್ಬಿಗಳು. ಕಪ್ಪು ಬಣ್ಣದ್ದು ಸಾಮಾನ್ಯ ಕಸಕ್ಕೆ. ಹಸಿರು ಬಣ್ಣದ್ದು ಕಾಗದ, ಬಾಟಲಿ ಮೊದಲಾದ ಮರುಬಳಕೆಯ ವಸ್ತುಗಳಿಗೆ. ಒಂದು ವಾರ ಇದರ ಸರದಿ, ಮರುವಾರ ಅದರದು.

ಒಂದು ಗುರುವಾರ ಲಾರಿ ಬಂದು ಹೋದರೂ ನಮ್ಮ ಡಬ್ಬಿ ತುಂಬಿದಂತೆಯೇ ನಿಂತಿತ್ತು. ಅಕ್ಕಪಕ್ಕದವರು ತಮ್ಮ ಖಾಲಿ ಡಬ್ಬಿಗಳನ್ನು ಆಗಲೇ ಒಳಗೆ ಎಳೆದುಕೊಂಡಿದ್ದರು. ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿದವನಿಗೆ ಕೋಪ ಬೇಗ ಬರುತ್ತದೆ. ನಗರಾಡಳಿತದ ಕಚೇರಿಗೆ ಫೋನ್ ಮಾಡಿ, ನಿಮ್ಮವರು ನಮ್ಮ ಮನೆಯನ್ನು ಬಿಟ್ಟು ಹೋಗಿದ್ದಾರೆಂದು ದೂರಿದೆ. ಆ ಕಡೆಯ ಹೆಣ್ಣುಮಗಳು ವಿಳಾಸ ಕೇಳಿಕೊಂಡು ಶಾಂತವಾಗಿ ಹೇಳಿದಳು: “ಲಾರಿ 7 ಗಂಟೆ 12 ನಿಮಿಷಕ್ಕೆ ನಿಮ್ಮ ಬಾಗಿಲಲ್ಲಿತ್ತು. ಈ ವಾರ ಹಸಿರು ಡಬ್ಬಿ. ಅದು ಹೊರಗಿರಲಿಲ್ಲವೆಂದು ಸಿಬ್ಬಂದಿ ಅಲ್ಲಿಂದಲೇ ನಮೂದಿಸಿದ್ದಾರೆ.” ನಾನು ಅಂಗಳಕ್ಕೆ ಹೋಗಿ ನೋಡಿದೆ. ನಿಂತಿದ್ದುದು ಕಪ್ಪು ಡಬ್ಬಿ. ಸಂಜೆ ಮಗಳು, “ಪಪ್ಪಾ, ಕ್ಯಾಲೆಂಡರ್ ಫ್ರಿಜ್ಜಿನ ಮೇಲೆಯೇ ಅಂಟಿಸಿದ್ದೇನಲ್ಲ!” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಪಕ್ಕದ ಮನೆಯವರು ಬಹುಕಾಲ ಇಂಥ ಲಾರಿಯನ್ನೇ ಓಡಿಸಿ ನಿವೃತ್ತರಾದವರು. ಬೇಲಿಯ ಆಚೆ ನಿಂತು ಅವರು ಲಾರಿಯೊಳಗಿನ ಲೋಕವನ್ನು ನನಗೆ ವಿವರಿಸಿದರು. ಹಿಂದೆ ಚಾಲಕನ ಕೈಯಲ್ಲಿ ಬೀದಿಗಳ ಹೆಸರಿದ್ದ ಕಾಗದದ ಪಟ್ಟಿ ಇರುತ್ತಿತ್ತು. ಉಳಿದದ್ದೆಲ್ಲ ಅವನ ನೆನಪಿನಲ್ಲಿ. ಅವನು ರಜೆ ಹಾಕಿದರೆ ಬದಲಿಗೆ ಬಂದವನು ಓಣಿಗಳನ್ನೇ ಬಿಟ್ಟುಬಿಡುತ್ತಿದ್ದ. ಈಗ ಸ್ಟಿಯರಿಂಗಿನ ಪಕ್ಕದಲ್ಲಿ ಒಂದು ಪರದೆ. ಅದು ದಾರಿಯನ್ನು ತೋರಿಸುತ್ತದೆ, ಮುಗಿದ ಬೀದಿಯನ್ನು ಗುರುತು ಹಾಕಿಕೊಳ್ಳುತ್ತದೆ. ಡಬ್ಬಿ ಹೊರಗಿಲ್ಲ, ಮರುಬಳಕೆಯ ಡಬ್ಬಿಯಲ್ಲಿ ಬೇಡದ ಕಸ ಬೆರೆತಿದೆ, ಅಡ್ಡ ನಿಂತ ಕಾರಿನಿಂದ ಬೀದಿ ಕಟ್ಟಿದೆ ಎಂಬುದನ್ನೆಲ್ಲ ಚಾಲಕನು ಬೆರಳಿನಿಂದ ಒತ್ತಿದರೆ ಸಾಕು, ಕಚೇರಿಗೆ ತಿಳಿಯುತ್ತದೆ. ನನಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದು. ಡಬ್ಬಿ ತಳ್ಳಲಾರದ ವೃದ್ಧರೂ ಅಂಗವಿಕಲರೂ ಮೊದಲೇ ಹೇಳಿಟ್ಟರೆ, ಕೆಲಸಗಾರರೇ ಅವರ ಮನೆಯಂಗಳಕ್ಕೆ ಹೋಗಿ ಡಬ್ಬಿಯನ್ನು ತಂದು, ಮರಳಿ ಅಲ್ಲಿಯೇ ಇಡುತ್ತಾರೆ. ಅಂಥ ಮನೆ ಹತ್ತಿರವಾದಾಗ ಪರದೆ ನೆನಪಿಸುತ್ತದೆ.

ಲಾರಿಯ ಸುತ್ತಲೂ ಕ್ಯಾಮೆರಾಗಳಿವೆ. ಅವು ಬೇಕೇ ಬೇಕು. ಈ ಕೆಲಸದಲ್ಲಿ ಪ್ರಾಣಹಾನಿಗೆ ಮುಖ್ಯ ಕಾರಣ ಚಲಿಸುವ ವಾಹನ ತಗಲುವುದೇ. ಆದರೆ ಚಾಲಕನ ಮುಖದ ಕಡೆಗೂ ಒಂದು ಕ್ಯಾಮೆರಾ ತಿರುಗಿದಾಗ ತಮಗೆಲ್ಲ ಅವಮಾನವಾಯಿತೆಂದರು ಅವರು. “ಅರವತ್ತು ದಾಟಿದವನನ್ನು ಕಳ್ಳನಂತೆ ನೋಡುವುದೇ?” ಮುಂದೊಮ್ಮೆ ಕಾರು ಗೀಚಿದ ಆರೋಪವೊಂದು ಅವರ ಮೇಲೆ ಬಂದಾಗ, ಪಕ್ಕದ ಕ್ಯಾಮೆರಾ ಅವರನ್ನು ಉಳಿಸಿತಂತೆ. ಆದರೂ ಮುಖದ ಮುಂದಿನದನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ.

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. 2017ರ ಮಳೆಗಾಲದಲ್ಲಿ ಮಂಗಳೂರಿನ ನಮ್ಮ ಓಣಿಗೆ ಮೂರು ದಿನ ಕಸದ ಗಾಡಿ ಬರಲಿಲ್ಲವೆಂದು ನಾನು ಮೇಸ್ತ್ರಿಗೆ ದೂರು ಕೊಟ್ಟಿದ್ದೆ. ಕಸ ಒಯ್ಯುವ ಹುಡುಗ ಗೇಟಿನ ಬಳಿ ನಿಂತು, “ಬಂದಿದ್ದೆ ಸಾರ್, ಗೇಟಿಗೆ ಬೀಗ ಇತ್ತು” ಎಂದ. ಸುಳ್ಳು ಹೇಳಬೇಡ ಎಂದು ಗದರಿಸಿದೆ. ಅವನ ಒಂದು ದಿನದ ಕೂಲಿ ಹಿಡಿದರೆಂದು ಆಮೇಲೆ ತಿಳಿಯಿತು. ಆ ವಾರ ನನ್ನ ಅತ್ತೆ ಆಸ್ಪತ್ರೆಯಲ್ಲಿದ್ದರು. ನಾನೂ ನನ್ನ ಮಡದಿಯೂ ದಿನವೂ ಮುಂಜಾನೆ ಗಂಜಿ ಹಿಡಿದುಕೊಂಡು ಹೊರಡುತ್ತಿದ್ದೆವು. ಗೇಟಿಗೆ ಬೀಗ ಹಾಕಿದವನು ನಾನೇ. ಇದು ನನಗೆ ಹೊಳೆದದ್ದು ಆರು ವರ್ಷಗಳ ಮೇಲೆ, ಪರದೇಶದ ಹಾಸಿಗೆಯಲ್ಲಿ.

ನಮ್ಮ ದೇಶದ ಅನೇಕ ನಗರಗಳ ಕಸದ ಗಾಡಿಗಳಿಗೂ ಈಗ ಜಿಪಿಎಸ್ ಬಂದಿದೆ. ನಾಗಪುರ, ಚಂಡೀಗಢಗಳಲ್ಲಿ ಪೌರಕಾರ್ಮಿಕರ ಕೈಗೇ ಜಿಪಿಎಸ್ ಗಡಿಯಾರ ಕಟ್ಟಿದ್ದುಂಟು. ಗಾಡಿ ಎಲ್ಲಿದೆ, ಆಳು ಎಲ್ಲಿದ್ದಾನೆ ಎಂಬುದು ಮೇಲಿನವರಿಗೆ ಕಾಣುತ್ತದೆ. ಆದರೆ ‘ಗೇಟಿಗೆ ಬೀಗ ಇತ್ತು’ ಎಂದು ಆಳು ಬರೆದಿಡುವ ಜಾಗ ಆ ಗಡಿಯಾರದಲ್ಲಿಲ್ಲ. ಇಂಗ್ಲೆಂಡಿನ ಆ ಪರದೆಯಲ್ಲಿ ನಾನು ಮೆಚ್ಚಿದ್ದು ಅದೊಂದನ್ನೇ.

ಊರಿಗೆ ಮರಳಿದ ವಾರವೇ ಮೇಸ್ತ್ರಿಯನ್ನು ಕಂಡೆ. ಆಗಿನ ಮೇಸ್ತ್ರಿ ಬದಲಾಗಿದ್ದರು, ಗುತ್ತಿಗೆದಾರರೂ ಬದಲಾಗಿದ್ದರು. ಆ ಹುಡುಗನನ್ನು ಹುಡುಕಬೇಕಿತ್ತು, ಅವನ ಒಂದು ದಿನದ ಕೂಲಿ ನನ್ನಲ್ಲಿ ಬಾಕಿಯಿದೆ ಎಂದೆ. ಹೊಸ ಮೇಸ್ತ್ರಿ ಪುಸ್ತಕ ತೆರೆದು, “ಹೆಸರೇನು ಸಾರ್?” ಎಂದು ಕೇಳಿದರು. ನಾಲ್ಕು ವರ್ಷ ದಿನವೂ ನಮ್ಮ ಗೇಟಿಗೆ ಬಂದವನ ಹೆಸರು ನನಗೆ ಗೊತ್ತಿರಲಿಲ್ಲ.